ಮುಚ್ಚಿದ ಸಾಲಿಯ ಕೀಲಿಕೈ ಯಾರ ಹತ್ತಿರ ಐತಿ?

ಸರಕಾರಿ ಸಾಲಿ ಮುಚ್ಚಬೇಕೋ ಬ್ಯಾಡೋ ಅನ್ನುವ ಮಾತು ಬಹಳ ವರ್ಷದಿಂದ ನಡೆದಿದೆ. (ಸಾಲಿ ಅಂದರೆ ಶಾಲೆ, ನಮ್ಮ ಕಡೆ ಹಂಗೇ ಅನ್ನುವುದು.) ಸಾಹಿತಿಗಳು ಬರೆದರು, ಸಂಘಟನೆಯವರು ಮೆರವಣಿಗೆ ತೆಗೆದರು, ಮಂತ್ರಿಗಳು ಉತ್ತರ ಕೊಟ್ಟರು. ಆದರೆ ಮುಚ್ಚಿದ ಮ್ಯಾಲೆ ಆ ಕಟ್ಟಡ ಏನಾಯಿತು, ಅದರ ಜಾಗ ಯಾರದು, ಕೀಲಿಕೈ ಯಾರ ಹತ್ತಿರ ಐತಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾವು ಒಕ್ಕಲುತನದ ಮಂದಿ ಬಾವಿ ಬತ್ತಿದರೂ ಅದನ್ನು ಹಂಗೇ ಬಿಡುವುದಿಲ್ಲ. ಸುತ್ತ ಮುಳ್ಳು ಹಚ್ಚುತ್ತೇವೆ. ಮುಂದೆ ಹೂಳು ತೆಗೆದರೆ ಮತ್ತೆ ನೀರು ಬಂದೀತೇ ಎಂದು ಲೆಕ್ಕ ಹಾಕುತ್ತೇವೆ. ಊರ ಸಾಲಿಗೆ ಅಷ್ಟು ವಿಚಾರವೂ ಇಲ್ಲದಂತಾಗಿದೆ.

ನಾನು ಏಳನೆತ್ತೆ ಮಟ ಕಲಿತ ಒಣಬೇಸಾಯದ ರೈತ. ತೇರದಾಳ ಕಡೆ ನಮ್ಮದು ಎರಿ ಹೊಲ. ಹಿಂಗಾರಿಗೆ ಬಿಳಿಜೋಳ, ಕಡ್ಲಿ, ನಡುನಡುವೆ ಕುಸುಬಿ. ಸುಗ್ಗಿ ಮುಗಿದ ಮ್ಯಾಲೆ ಕೈ ಸ್ವಲ್ಪ ಬಿಡುವಾಗುತ್ತದೆ. ಹೋದ ಎರಡು ಬೇಸಗಿಯಲ್ಲಿ ಬೀಗರ ಊರಿಗೆ, ದನದ ಸಂತೆಗೆ ಹೋದಾಗೆಲ್ಲ ಹಾದಿಯ ಬದಿ ಮುಚ್ಚಿದ ಸಾಲಿ ಕಂಡರೆ ಗಾಡಿ ನಿಲ್ಲಿಸಿ ಒಳಗೆ ಹೊಕ್ಕು ನೋಡಿ ಬಂದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೀಗೆ ಒಂಬತ್ತು ಸಾಲಿ ನೋಡಿದ್ದೇನೆ. ಊರ ಹೆಸರು ಬರೆಯುವುದಿಲ್ಲ. ಯಾವ ಮಾಸ್ತರನ ಮ್ಯಾಲೂ, ಯಾವ ಪಂಚಾಯತಿ ಮ್ಯಾಲೂ ತಪ್ಪು ಹೊರಿಸುವ ಉದ್ದೇಶ ನನಗಿಲ್ಲ.

ಒಳಗೆ ಕಂಡದ್ದು

ಒಂಬತ್ತರಲ್ಲಿ ಕೀಲಿ ಇದ್ದದ್ದು ಮೂರಕ್ಕೆ. ಅದರಲ್ಲಿ ಒಂದಕ್ಕೆ ಬಾಗಿಲಿಗೆ ಕೀಲಿ ಇತ್ತು, ಕಿಡಕಿ ಚೌಕಟ್ಟೇ ಇರಲಿಲ್ಲ. ಒಳಗೆ ಹೋಗಲು ಕೀಲಿಕೈ ಬೇಕಾಗಲಿಲ್ಲ.

ಎಲ್ಲಕ್ಕಿಂತ ಹಳೆಯದು ಕಲ್ಲಿನ ಗೋಡೆ, ಮಂಗಳೂರು ಹಂಚಿನ ಸಾಲಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಸುಡಲು ಶುರು ಮಾಡಿದ ಆ ಹಂಚು ನಮ್ಮ ಬಯಲುಸೀಮೆಯ ಸಾಲಿ, ಚಾವಡಿಗಳ ಮ್ಯಾಲೂ ಬಂದು ಕೂತಿದೆ. ನಮ್ಮ ಮನೆಗಳಿಗೆ ಮಣ್ಣಿನ ಮಾಳಿಗೆ, ಸಾಲಿಗೆ ಮಾತ್ರ ಹಂಚು. ದೂರದಿಂದಲೇ ಕೆಂಪಗೆ ಕಂಡರೆ ಅದು ಸಾಲಿ ಅಂತ ಗುರುತು. ಆ ಸಾಲಿಯ ಗೋಡೆ ಇನ್ನೂ ಗಟ್ಟಿ ಇದೆ. ಮೂಲೆಯಲ್ಲಿ ಇಪ್ಪತ್ತು-ಇಪ್ಪತ್ತೈದು ಹಂಚು ಜಾರಿವೆ, ಅಷ್ಟೇ. ಆದರೆ ಮಣ್ಣಿನ ಗಾರೆಯ ಕಲ್ಲುಗೋಡೆಯ ನೆತ್ತಿಗೆ ನೀರು ಇಳಿಯಲು ಹತ್ತಿದರೆ ಮೂರು-ನಾಲ್ಕು ಮಳೆಗಾಲದಲ್ಲಿ ಗೋಡೆ ಹೊಟ್ಟೆ ಬಿಡುತ್ತದೆ. ಕೊಟ್ಟಿಗೆ ಕಟ್ಟಿದ ಯಾವ ರೈತನಿಗೂ ಇದು ಗೊತ್ತು. ಒಂದು ದಿನದ ಆಳು, ಒಂದು ಚೀಲ ಹಂಚು ಹಾಕಿದ್ದರೆ ಉಳಿಯುವ ಕಟ್ಟಡ ಅದು.

ಇನ್ನೊಂದರಲ್ಲಿ ಗೋಡೆಯ ಮ್ಯಾಲೆ ಬಣ್ಣದಲ್ಲಿ ಬರೆದ ಕರ್ನಾಟಕದ ನಕಾಶೆ ಇತ್ತು. ಅದರಲ್ಲಿ ಬಾಗಲಕೋಟೆ ಜಿಲ್ಲೆಯೇ ಇಲ್ಲ. ಎಲ್ಲಾ ಬಿಜಾಪುರ. ಅಂದರೆ 1997ಕ್ಕೂ ಮೊದಲು ಯಾರೋ ಮಾಸ್ತರರು ಕೂತು ಬರೆದದ್ದು. ಹೊಳೆಗಳಿಗೆ ನೀಲಿ, ಗಡಿಗೆ ಕೆಂಪು. ಕೃಷ್ಣಾ ಹೊಳಿ ಮಾತ್ರ ಬ್ಯಾರೆ ಹೊಳಿಗಿಂತ ದಪ್ಪ ಬರೆದಿದ್ದರು, ನಮ್ಮ ಹೊಳಿ ಅಂತ ಇರಬೇಕು. ಅದೇ ಕೋಣೆಯಲ್ಲಿ ಸೊಂಟದ ಮಟ್ಟದಲ್ಲಿ ಗೋಡೆ ಸುತ್ತ ಕರಿ ಬಣ್ಣದ ಪಟ್ಟಿ, ಸಣ್ಣ ಮಕ್ಕಳು ತಮ್ಮ ಕೈಯಾರೆ ಬರೆಯಲಿಕ್ಕೆ. ಅದು ನಲಿ-ಕಲಿಯ ಗುರುತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಈ ಮೂಲೆಯ ತೋಟದ ಸಾಲಿಯ ತನಕ ಬಂದಿತ್ತು. ದೊಡ್ಡ ಹಲಗೆಯ ಮ್ಯಾಲೆ ಒಟ್ಟು 7, ಹಾಜರ 4 ಎಂದು ಸುಣ್ಣದ ಕಡ್ಡಿಯಲ್ಲಿ ಬರೆದದ್ದು ಇನ್ನೂ ಅಳಿಸಿಲ್ಲ.

ಉಳಿದವುಗಳಲ್ಲಿ ಕಂಡದ್ದು: ಎರಡರಲ್ಲಿ ಕಣಿಕಿ ಒಟ್ಟಿದ್ದಾರೆ. ಒಂದರಲ್ಲಿ ಆಡು ಕಟ್ಟಿದ್ದಾರೆ. ಒಂದರಲ್ಲಿ ಇಸ್ಪೀಟಿನ ಎಲೆ, ಸಾರಾಯಿ ಪಾಕೀಟು. ಬಿಸಿಯೂಟದ ಅಡಿಗೆಕೋಣೆಯ ತಗಡು ಕಿತ್ತು ಒಯ್ದಿದ್ದಾರೆ. ಸಿಂಟೆಕ್ಸ್ ಟಾಕಿ ಯಾರದೋ ಹೊಲದಲ್ಲಿ ಕಂಡಿತು. ಹುಡುಗರು ಹಚ್ಚಿದ ಬೇವಿನ ಗಿಡಗಳು ಮಾತ್ರ ಎಲ್ಲಾ ಕಡೆ ಚಲೋ ಬೆಳೆದಿವೆ.

ಕಣಿಕಿ ಒಟ್ಟಿದ ರೈತನನ್ನು ನಾನು ಬೈಯುವುದಿಲ್ಲ. ಆತ ಹೇಳಿದ ಮಾತು ಹಿಂಗಿತ್ತು: "ಕಾಕಾ, ನಾ ಮೇವು ಒಟ್ಟೇನಿ ಅಂತ ಈ ಛತ್ತು ಉಳದೈತ್ರಿ. ಸೋರಿದ್ರ ನನ್ನ ಮೇವು ಕೊಳೀತೈತಿ, ಅದಕ್ಕ ವರ್ಷಾ ನಾನ ಮ್ಯಾಲ ಹತ್ತಿ ಹಂಚು ಸರೀ ಮಾಡ್ತೇನಿ." ಆತನ ಮಾತು ಖರೇ ಇದೆ. ಬಳಸುವವನಿದ್ದರೆ ಕಟ್ಟಡ ಉಳಿಯುತ್ತದೆ. ಆದರೆ ಇಪ್ಪತ್ತು ವರ್ಷ ಮೇವು ಒಟ್ಟಿದ ಮ್ಯಾಲೆ ಆ ಜಾಗ ಸಾಲಿಯದೋ ಆತನದೋ ಎಂದು ಯಾರು ಹೇಳಬೇಕು?

ಬರಿದಾದದ್ದು ಹೆಂಗ

ಕೃಷ್ಣಾ ದಂಡೆಯ ನಮ್ಮ ಸೀಮೆಯಲ್ಲಿ ಹೊಳೆನೀರು, ಕಾಲುವೆ ನೀರು ಬಂದ ಹೊಲಗಳಲ್ಲಿ ಮಂದಿ ಊರು ಬಿಟ್ಟು ತೋಟದಲ್ಲೇ ಮನೆ ಕಟ್ಟಿಕೊಂಡರು. ಇಪ್ಪತ್ತು-ಮೂವತ್ತು ಮನೆ ಕೂಡಿದಲ್ಲಿ ಒಂದು ತೋಟದ ಸಾಲಿ. ಇಂಥವರ ತೋಟ, ಇಂಥ ವಸತಿ ಎಂದು ಸಾಲಿಗೇ ಆ ಹೆಸರು. 1987ರ ಆಪರೇಷನ್ ಬ್ಲ್ಯಾಕ್ ಬೋರ್ಡ್ ಬಂದಾಗ ಪ್ರತಿ ಸಾಲಿಗೆ ಎರಡು ಕೋಣೆ, ಇಬ್ಬರು ಮಾಸ್ತರರು ಅಂದರು. 2001ರ ನಂತರ ಸರ್ವ ಶಿಕ್ಷಣ ಅಭಿಯಾನದಲ್ಲಿ ಕೋಣೆಗಳು ಹೆಚ್ಚಿದವು. 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಬಿಸಿಯೂಟ ಶುರುವಾಯಿತು. ಆಗ ಈ ಸಣ್ಣ ಸಾಲಿಗಳಲ್ಲಿ ನಲವತ್ತು-ಐವತ್ತು ಹುಡುಗರು ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಂದೆ ಮನೆಗೆ ಎರಡೇ ಮಕ್ಕಳಾದವು. ಹಳದಿ ವ್ಯಾನು ತೋಟದ ಬಾಗಿಲಿಗೇ ಬಂತು. ಒಬ್ಬ ಮಾಸ್ತರ ಐದು ಇಯತ್ತೆ ಕಲಿಸಬೇಕು, ಅದರ ಜೋಡಿ ಊಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸ. ಒಣಬೇಸಾಯದ ಮನೆಯವರು ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಕಟ್ಟಿಕೊಂಡು ಗೋವಾ, ಮಹಾರಾಷ್ಟ್ರದ ಕಡೆ ದುಡಿಯಲು ಹೋದರು. ನಲವತ್ತಿದ್ದದ್ದು ಹದಿನೈದಾಯಿತು, ಹದಿನೈದು ಏಳಾಯಿತು. ಮಕ್ಕಳನ್ನು ವ್ಯಾನಿಗೆ ಹತ್ತಿಸಿದ ತಾಯಿ-ತಂದೆಯರದು ತಪ್ಪು ಎಂದು ನಾನು ಹೇಳುವುದಿಲ್ಲ. ತನ್ನ ಮಗ ತನ್ನಂತೆ ಬಿಸಿಲಲ್ಲಿ ನಿಲ್ಲಬಾರದು ಎಂದು ಯಾರಿಗೆ ಅನ್ನಿಸುವುದಿಲ್ಲ?

2018ರ ಜುಲೈ ಬಜೆಟ್ಟಿನಲ್ಲಿ ಒಂದು ಕಿಲೋಮೀಟರ್ ಒಳಗಿನ 28,847 ಸಾಲಿಗಳನ್ನು 8,530 ಸಾಲಿಗಳಲ್ಲಿ ಕೂಡಿಸುತ್ತೇವೆ ಎಂಬ ಮಾತು ಬಂತು. ವಿರೋಧ ಜೋರಾಯಿತು. ಅದೇ ಹೊತ್ತಿಗೆ ಕರ್ನಾಟಕ ಪಬ್ಲಿಕ್ ಸ್ಕೂಲುಗಳು ಶುರುವಾದವು, ಈಗ ಅವುಗಳ ಸಂಖ್ಯೆ ಹೆಚ್ಚುತ್ತಿದೆ. ದೊಡ್ಡ ಸಾಲಿಯಲ್ಲಿ ಇಯತ್ತೆಗೊಬ್ಬ ಮಾಸ್ತರ, ಆಟದ ಬಯಲು, ಗ್ರಂಥಾಲಯ ಸಿಗುವುದಾದರೆ ಅದು ಒಳ್ಳೆಯದೇ. ಆದರೆ ಎರಿ ನೆಲದ ಹಾದಿಯ ಸಂಗತಿ ಬೆಂಗಳೂರಿನವರಿಗೆ ತಿಳಿಯುವುದಿಲ್ಲ. ಮಳೆಯಾದರೆ ಎತ್ತಿನ ಕಾಲೇ ಕಿತ್ತು ಬರುವುದಿಲ್ಲ. ಆರು ವರ್ಷದ ಹುಡುಗಿ ಆ ರಾಡಿಯಲ್ಲಿ ಎರಡು ಕಿಲೋಮೀಟರ್ ಹೆಂಗ ಹೋದಾಳು? 2009ರ ಶಿಕ್ಷಣ ಹಕ್ಕು ಕಾಯಿದೆ ಜಾರಿಯಾದ ಮ್ಯಾಲೆ ಐದನೆತ್ತೆ ತನಕ ಒಂದು ಕಿಲೋಮೀಟರ್ ಒಳಗೆ ಸಾಲಿ ಇರಬೇಕು ಎಂದು ನಿಯಮ ಮಾಡಿದ್ದು ಇದೇ ಕಾರಣಕ್ಕೆ. ವ್ಯಾನಿಗೆ ರೊಕ್ಕ ಇಲ್ಲದವರ ಮಗಳು ಮನೆಯಲ್ಲಿ ಉಳಿದಳೆಂದರೆ ಮುಂದೆ ಅವಳು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಕಲ್ಲಿನ ಮ್ಯಾಲೆ ಬರೆಸಿದವರು, ಬಾಯಿಮಾತಿನಲ್ಲಿ ಕೊಟ್ಟವರು

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತೇರದಾಳದಲ್ಲಿ ನೇಮಿನಾಥ ಬಸದಿ ಇದೆ. 12ನೇ ಶತಮಾನದಲ್ಲಿ ಇಲ್ಲಿ ಆಳಿದ ಗೊಂಕ ಎಂಬ ಮಾಂಡಲಿಕ ಕಟ್ಟಿಸಿದ್ದು. ಆ ಬಸದಿಗೆ ಕೊಟ್ಟ ದಾನವನ್ನು ಕಲ್ಲಿನ ಮ್ಯಾಲೆ ಕೊರೆಸಿ ನಿಲ್ಲಿಸಿದ್ದಾರೆ. ಒಂಬೈನೂರು ವರ್ಷವಾದರೂ ಓದಬಹುದು. ನಮ್ಮ ತಂದೆ-ಅಜ್ಜಂದಿರು ಸಾಲಿಗೆ ಭೂಮಿ ಕೊಟ್ಟದ್ದು ಹೆಂಗ? ಕಟ್ಟಿಯ ಮ್ಯಾಲೆ ಕೂತು, "ನನ್ನ ಹೊಲದ ಮೂಲಿ ಐದು ಗುಂಟೆ ತಗೋರಿ, ಹುಡುಗರು ಕಲೀಲಿ" ಅಂದರು. ಮರುದಿನ ಊರವರು ಚಕ್ಕಡಿಯಲ್ಲಿ ಕಲ್ಲು ಹೇರಿದರು. ಕಾಗದ ಇಲ್ಲ, ದಾನಪತ್ರ ಇಲ್ಲ. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದೆ, ಇಲ್ಲವೇ ಮೊಮ್ಮಕ್ಕಳ ಹೆಸರು ಏರಿದೆ.

ಸಾಲಿ ನಡೆದಿರುವ ತನಕ ಇದು ತೊಂದರೆ ಅನ್ನಿಸಲಿಲ್ಲ. ಮಕ್ಕಳು ಓದುವ ಜಾಗಕ್ಕೆ ಬೇಲಿ ಹಾಕಲು ಯಾರಿಗೂ ಮನಸ್ಸು ಬಾರದು. ಕೀಲಿ ಬಿದ್ದ ಮ್ಯಾಲೆ ಮನಸ್ಸು ಬದಲಾಗುತ್ತದೆ. ನಾನು ನೋಡಿದ ಒಂಬತ್ತರಲ್ಲಿ ಎರಡು ಕಡೆ ಮೊಮ್ಮಕ್ಕಳು ಸಾಲಿಯ ಬಯಲನ್ನು ಹರಗಿ ಬಿತ್ತಿದ್ದಾರೆ. ಒಂದು ಕಡೆ ಧ್ವಜಕಟ್ಟೆಯ ಸುತ್ತ ಕಬ್ಬು ನಿಂತಿದೆ. ಕೇಳಿದರೆ, "ಸಾಲೀನ ಇಲ್ಲ, ಜಾಗ ಯಾಕ ಬಿಡೋಣ್ರಿ?" ಅನ್ನುತ್ತಾರೆ. ಕಾಗದದ ಪ್ರಕಾರ ಅವರದೇ ಖರೆ. ಕೊಟ್ಟ ಅಜ್ಜನ ಮಾತಿನ ಪ್ರಕಾರ ಅಲ್ಲ.

ಭೂಮಿಯ ಬೆಲೆ ಏರಿದಷ್ಟೂ ಈ ಜಗಳ ಏರುತ್ತದೆ. ಆಲಮಟ್ಟಿಯಲ್ಲಿ 519.60 ಮೀಟರ್ ಇರುವ ನೀರಿನ ಮಟ್ಟವನ್ನು ಮೂರನೇ ಹಂತದಲ್ಲಿ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಮುಳುಗಡೆ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಭೂಮಿಯಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಣಯ ಮಾಡಿತು. ನಾಳೆ ಅಂಥ ಊರಲ್ಲಿ ಸಾಲಿಯ ಐದು ಗುಂಟೆಯ ಪರಿಹಾರ ಯಾರಿಗೆ ಹೋಗಬೇಕು? ಮೊದಲ ಹಂತಗಳಲ್ಲಿ ಮುಳುಗಿದ ಊರುಗಳ ಹಳೆ ಪಾಯ ಬೇಸಗಿಯಲ್ಲಿ ಹಿನ್ನೀರು ಸರಿದಾಗ ಕಾಣುತ್ತದೆ. ಅಲ್ಲಿಯ ಸಾಲಿಗಳನ್ನು ಉಳಿಸುವುದು ಯಾರ ಕೈಯಾಗೂ ಇರಲಿಲ್ಲ. ಒಣ ನೆಲದ ಮ್ಯಾಲೆ ನಿಂತ ಸಾಲಿಯನ್ನು ಉಳಿಸುವುದು ನಮ್ಮ ಕೈಯಾಗ ಐತಿ.

ಸಾಲಿಗೆ ಕೀಲಿ, ಕೂಸು ಬಯಲಾಗ

ಮುಚ್ಚಿದ ಸಾಲಿ ಯಾರಿಗೆ ಬೇಕು ಎಂದು ಕೇಳುವವರಿಗೆ ಎರಡು ಸಂಗತಿ ಹೇಳುತ್ತೇನೆ.

ಮೊದಲನೆಯದು ಕಬ್ಬು ಕಡಿಯುವ ಗ್ಯಾಂಗು. ಬೀಡ ಜಿಲ್ಲೆಯಿಂದ, ನಮ್ಮದೇ ವಿಜಯಪುರ ಕಡೆಯ ತಾಂಡಾಗಳಿಂದ ನವೆಂಬರ್ ಹೊತ್ತಿಗೆ ಬರುತ್ತಾರೆ. ಫ್ಯಾಕ್ಟರಿ ನಿಲ್ಲುವ ತನಕ ನಾಲ್ಕೈದು ತಿಂಗಳು ಹೊಲದ ಬದಿಯಲ್ಲೇ ಕೊಪ್ಪಿ ಹಾಕಿಕೊಂಡು ಇರುತ್ತಾರೆ. ನಸುಕಿನಲ್ಲಿ ತಾಯಿ ಕಡಿಯಲು ಹೋದರೆ ಎಂಟು ವರ್ಷದ ಹುಡುಗಿ ಎರಡು ವರ್ಷದ ತಮ್ಮನನ್ನು ಎತ್ತಿಕೊಂಡು ಗಾಡಿಯ ನೆರಳಲ್ಲಿ ಕೂತಿರುತ್ತಾಳೆ. ಹಿಂದಿನ ಜನವರಿಯಲ್ಲಿ ಇಂಥ ಕೊಪ್ಪಿಗಳು ಮುಚ್ಚಿದ ಸಾಲಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಇದ್ದದ್ದನ್ನು ನಾನು ನೋಡಿದೆ. ಸಾಲಿಗೆ ಎರಡು ಗಟ್ಟಿ ಕೋಣೆ, ಬೋರು, ಬೇವಿನ ನೆರಳು ಎಲ್ಲಾ ಇತ್ತು. ಕೀಲಿಯೂ ಇತ್ತು. ವಲಸೆ ಮಕ್ಕಳಿಗೆ ಟೆಂಟ್ ಸಾಲಿ ನಡೆಸುವ ಪದ್ಧತಿ ಸರ್ವ ಶಿಕ್ಷಣ ಅಭಿಯಾನದಲ್ಲೇ ಇತ್ತು. ಟೆಂಟಿಗಿಂತ ಕಲ್ಲಿನ ಕೋಣೆ ಚಲೋ ಅಲ್ಲೇನು? ಬೀಡದ ಮಕ್ಕಳದು ಮರಾಠಿ ಮಾತು, ನಮ್ಮದು ಕನ್ನಡ, ಅದು ತೊಡಕು ಖರೆ. ಆದರೆ ನಮ್ಮ ಕಡೆ ಮರಾಠಿ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಅಕ್ಷರಕ್ಕಿಂತ ಮೊದಲು ಆ ಕೂಸಿಗೆ ನೆರಳು ಸಿಗಲಿ.

ಎರಡನೆಯದು ಹೊಳೆ. 2005, 2009, 2019, 2021, ಈ ವರ್ಷಗಳನ್ನು ನಮ್ಮ ಜಿಲ್ಲೆಯ ಹೊಳೆದಂಡೆಯವರು ಮರೆಯುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಏರಿದಾಗ ಮಂದಿ ಹಾಸಿಗೆ, ಜೋಳದ ಚೀಲ, ಮುದುಕರನ್ನು ಕಟ್ಟಿಕೊಂಡು ಬಂದು ಇಳಿದದ್ದು ಸಾಲಿಗಳಲ್ಲಿ. ಎತ್ತರದ ಜಾಗದ ಸಾಲಿ ಬಿದ್ದುಹೋದರೆ ಮುಂದಿನ ಸಲ ಎಲ್ಲಿ ಇಳಿಯಬೇಕು?

ಅಪಾಯದ ಮಾತು

ಹಳೆ ಕಟ್ಟಡ ಎಲ್ಲವನ್ನೂ ಉಳಿಸಬೇಕು ಎಂದು ನಾನು ಹಟ ಹಿಡಿಯುವುದಿಲ್ಲ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿ ಊರಲ್ಲಿ ಸರಕಾರಿ ಸಾಲಿಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಅದು ನಡೆಯುತ್ತಿದ್ದ ಸಾಲಿ. ಮುಚ್ಚಿದ ಸಾಲಿಯನ್ನು ನೋಡುವವರೇ ಇರುವುದಿಲ್ಲ, ಆದರೆ ಆಟಕ್ಕೆ ಹುಡುಗರು ಅಲ್ಲಿಗೇ ಹೋಗುತ್ತಾರೆ, ಮಳೆ ಬಂದರೆ ಕುರಿ ಕಾಯುವವರು ಅಲ್ಲೇ ನಿಲ್ಲುತ್ತಾರೆ. ನಾನು ಕಂಡ ಎರಡು ಕಟ್ಟಡಗಳಲ್ಲಿ ಕಾಂಕ್ರೀಟ್ ಛತ್ತಿನ ಸಿಮೆಂಟು ಉದುರಿ ಜಂಗು ಹಿಡಿದ ಕಬ್ಬಿಣ ಕಾಣುತ್ತಿತ್ತು. ಕಬ್ಬಿಣಕ್ಕೆ ಜಂಗು ಹತ್ತಿದರೆ ಅದು ಉಬ್ಬುತ್ತದೆ, ಉಬ್ಬಿ ಸಿಮೆಂಟನ್ನು ಒಡೆಯುತ್ತದೆ. ಅಂಥದು ಯಾವಾಗ ಬಿದ್ದೀತು ಎಂದು ಹೇಳಲಾಗದು. ನನ್ನ ಅನುಭವದಲ್ಲಿ ಹಳೆಯ ಕಲ್ಲು-ಹಂಚಿನ ಸಾಲಿಗಳೇ ಹೆಚ್ಚು ಗಟ್ಟಿ, ಆಮೇಲೆ ಗಡಿಬಿಡಿಯಲ್ಲಿ ಕಟ್ಟಿದವು ಸಡಿಲ. ಯಾವುದು ಇರಬೇಕು, ಯಾವುದನ್ನು ಕೆಡವಬೇಕು ಎಂದು ಎಂಜಿನಿಯರರು ಬಂದು ನೋಡಿ ಬರೆದುಕೊಡಲಿ. ಕೆಡವಿದರೆ ಆ ಕಲ್ಲು, ತೊಲೆ, ಹಂಚು ಯಾರಿಗೆ ಹೋಯಿತು ಎಂಬ ಲೆಕ್ಕ ಗ್ರಾಮಸಭೆಯಲ್ಲಿ ಓದಲಿ.

ಏನು ಮಾಡಬಹುದು

ಜಪಾನಿನಲ್ಲಿ ಮಕ್ಕಳು ಕಡಿಮೆಯಾಗಿ ಸಾವಿರಾರು ಸಾಲಿ ಮುಚ್ಚಿವೆ. ಅಲ್ಲಿಯ ಶಿಕ್ಷಣ ಇಲಾಖೆ 2010ರಿಂದ ಮುಚ್ಚಿದ ಸಾಲಿಗಳ ಯಾದಿ ಮಾಡಿ, ಯಾರಿಗೆ ಬೇಕು ಕೇಳಿರಿ ಎಂದು ಸಾರುತ್ತಿದೆ. ಮುರೊಟೊ ಎಂಬ ಕಡಲದಂಡೆಯ ಊರಿನ ಒಂದು ಮುಚ್ಚಿದ ಸಾಲಿಯನ್ನು 2018ರಲ್ಲಿ ಮೀನಿನ ಸಂಗ್ರಹಾಲಯ ಮಾಡಿದ್ದಾರೆ. ಊರ ಮೀನುಗಾರರ ಬಲೆಗೆ ಬಿದ್ದ ಮೀನುಗಳನ್ನೇ ಅಲ್ಲಿ ಬಿಟ್ಟಿದ್ದಾರೆ. ಈಗ ಪರಸ್ಥಳದ ಮಂದಿ ನೋಡಲು ಬರುತ್ತಾರೆ. ಮಗ ಫೋನಿನಲ್ಲಿ ತೋರಿಸಿದಾಗ ನನಗೆ ನಗು ಬಂತು, ಆಮೇಲೆ ವಿಚಾರ ಬಂತು. ಅವರು ಯಾದಿ ಮಾಡಿದ್ದಾರೆ, ಅದು ದೊಡ್ಡದು. ನಮ್ಮಲ್ಲಿ ತಾಲೂಕಿಗೆ ಎಷ್ಟು ಕಟ್ಟಡ ಬರಿದಾಗಿವೆ ಎಂಬ ಯಾದಿ ಪಂಚಾಯತಿ ಗೋಡೆಯ ಮ್ಯಾಲೆ ಕಾಣಬೇಕು.

ನನ್ನ ಸೂಚನೆಗಳು ಇಷ್ಟು:

1. ಸಾಲಿ ಮುಚ್ಚುವ ಇಲ್ಲವೇ ಕೂಡಿಸುವ ಆದೇಶದಲ್ಲೇ ಮೂರು ಸಂಗತಿ ಬರೆಯಬೇಕು: ಜಾಗ ಯಾರ ಹೆಸರಿನಲ್ಲಿ ಇದೆ, ಕಟ್ಟಡ ಯಾವ ಉಪಯೋಗಕ್ಕೆ, ಕೀಲಿಕೈ ಯಾರ ಜವಾಬ್ದಾರಿ. 2001ರಿಂದ ಬಂದ ಎಸ್‌ಡಿಎಂಸಿ ಸಮಿತಿ ಸಾಲಿ ಇರುವ ತನಕ ಮಾತ್ರ. ಸಾಲಿ ಹೋದ ದಿನವೇ ಕೇಳುವವರೂ ಹೋಗುತ್ತಾರೆ. ಆ ಸಮಿತಿಯ ಜಾಗಕ್ಕೆ ಊರ ಐದು ಮಂದಿ ಬೇಕು, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು ಇರಲಿ.

2. ಭೂಮಿ ಕೊಟ್ಟ ಮನೆತನದವರು ದಾನಪತ್ರ ಬರೆದುಕೊಡಲಿ. ಇದು ಈಗಲೇ ಆಗಬೇಕು, ಸಾಲಿ ನಡೆದಿರುವಾಗಲೇ. ಕೊಟ್ಟವರ ಹೆಸರನ್ನು ಗೋಡೆಯ ಮ್ಯಾಲೆ ಕಲ್ಲಿನಲ್ಲಿ ಹಚ್ಚಿರಿ. ಹೆಸರು ಹಚ್ಚಿದರೆ ಮೊಮ್ಮಕ್ಕಳಿಗೂ ಅಭಿಮಾನ ಇರುತ್ತದೆ, ಬೇಲಿ ಹಾಕಲು ಕೈ ಏಳುವುದಿಲ್ಲ.

3. ಗಟ್ಟಿ ಕಟ್ಟಡವನ್ನು ಮಕ್ಕಳ ಕೆಲಸಕ್ಕೇ ಮೊದಲು ಕೊಡಬೇಕು: ಅಂಗನವಾಡಿ, 2023-24ರಲ್ಲಿ ಶುರುವಾದ ಕೂಸಿನ ಮನೆ, ಪಂಚಾಯತಿಯ ಅರಿವು ಕೇಂದ್ರದ ಗ್ರಂಥಾಲಯ, ಸುಗ್ಗಿ ಕಾಲದಲ್ಲಿ ವಲಸೆ ಮಕ್ಕಳ ಸಾಲಿ. ಅದು ಆಗದಿದ್ದರೆ ಹೆಣ್ಣುಮಕ್ಕಳ ಸಂಘಕ್ಕೆ, ರೈತರ ಬೀಜದ ಕೋಣೆಗೆ. ಬಾಡಿಗೆ ಹಚ್ಚಿ, ಅದೇ ರೊಕ್ಕದಲ್ಲಿ ಹಂಚು, ಬಾಗಿಲು ನೋಡಿಕೊಳ್ಳಲಿ.

4. ಮಾರುವುದಾಗಲಿ, ಕಾಯಂ ಕೊಡುವುದಾಗಲಿ ಬ್ಯಾಡ. ವರ್ಷ-ವರ್ಷದ ಕರಾರು ಮಾತ್ರ. ಮತ್ತೆ ಹತ್ತು ಮಕ್ಕಳು ಕೂಡಿದರೆ ಸಾಲಿ ತೆರೆಯುವಂತೆ ಇರಬೇಕು.

ಈ ನಾಲ್ಕನೆಯದಕ್ಕೆ ನಮ್ಮ ಊರಲ್ಲಿ ಒಬ್ಬ ಓದಿದ ಹುಡುಗ ವಾದ ಹಾಕಿದ: "ಮತ್ತ ಮಕ್ಕಳು ಎಲ್ಲಿಂದ ಬರ್ತಾವ್ರಿ ಕಾಕಾ? ಮಾರಿ ಆ ರೊಕ್ಕಾ ದೊಡ್ಡ ಸಾಲಿಗೆ ಹಾಕ್ರಿ." ಆತನ ಮಾತಿನಲ್ಲಿ ಲೆಕ್ಕ ಇದೆ. ಆದರೆ 2020ರ ಕೊರೋನಾ ಕಾಲ ನೋಡಿರಿ. ಪುಣೆ, ಗೋವಾ, ಬೆಂಗಳೂರಿಗೆ ಹೋದವರೆಲ್ಲ ಒಂದೇ ತಿಂಗಳಲ್ಲಿ ತಿರುಗಿ ಬಂದರು. ಖಾಸಗಿ ಸಾಲಿಯ ಫೀ ಕಟ್ಟಲಾಗದೆ ಎಷ್ಟೋ ಮಂದಿ ಮಕ್ಕಳನ್ನು ಸರಕಾರಿ ಸಾಲಿಗೆ ಹಚ್ಚಿದರು. ಮಂದಿ ಹೋಗುವುದು, ಬರುವುದು ನಮ್ಮ ಕೈಯಾಗ ಇಲ್ಲ. ಐದು ಗುಂಟೆ ಭೂಮಿ ಒಮ್ಮೆ ಕೈಬಿಟ್ಟರೆ ಇವತ್ತಿನ ಬೆಲೆಯಲ್ಲಿ ಯಾವ ರೈತ ಮತ್ತೆ ಪುಕ್ಕಟೆ ಕೊಟ್ಟಾನು? ಆ ದೊಡ್ಡ ಮನಸ್ಸಿನ ಅಜ್ಜಂದಿರು ಈಗ ಇಲ್ಲ.

ಓದುಗ ಬಾಂಧವರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಸಾಲಿಯ ಉತಾರ ಒಮ್ಮೆ ತೆಗೆಸಿ ನೋಡಿರಿ. ಸಾಲಿ ನಡೆದಿದ್ದರೂ ನೋಡಿರಿ, ಮುಚ್ಚಿದ್ದರಂತೂ ಈ ತಿಂಗಳೇ ನೋಡಿರಿ. ಮುಂದಿನ ಗ್ರಾಮಸಭೆಯಲ್ಲಿ ಕೀಲಿಕೈ ಯಾರ ಹತ್ತಿರ ಐತಿ ಎಂದು ಎದ್ದು ನಿಂತು ಕೇಳಿರಿ, ಬಂದ ಉತ್ತರವನ್ನು ಠರಾವಿನಲ್ಲಿ ಬರೆಸಿರಿ. ಮುಚ್ಚಿದ ಸಾಲಿಯನ್ನು ಊರವರೇ ಚಲೋ ಕೆಲಸಕ್ಕೆ ಹಚ್ಚಿದ ಊರು ನಿಮ್ಮ ಕಡೆ ಇದ್ದರೆ, ಹೆಂಗ ಮಾಡಿದರು, ಖರ್ಚು ಎಷ್ಟು ಬಂತು, ಯಾವ ಕಚೇರಿಯಲ್ಲಿ ಯಾವ ಕಾಗದ ಬೇಕಾಯಿತು ಎಂದು ನಮ್ಮ ಪತ್ರಿಕೆಗೆ ಬರೆಯಿರಿ. ನಮಗೂ ಅದೇ ಹಾದಿ ಹಿಡಿಯಲಿಕ್ಕೆ ಬರುತ್ತದೆ. ಮಳೆಗಾಲ ಶುರುವಾಗುವುದರೊಳಗೆ ಆ ಕಲ್ಲಿನ ಸಾಲಿಯ ಮೂಲೆಗೆ ಹಂಚು ಹೊದಿಸಬೇಕು ಎಂದು ನಾವು ನಾಲ್ಕು ಮಂದಿ ಮಾತಾಡಿಕೊಂಡಿದ್ದೇವೆ. ಅದಕ್ಕೂ ಯಾರ ಅಪ್ಪಣೆ ಬೇಕು ಎಂದು ಈಗ ವಿಚಾರಿಸುತ್ತಿದ್ದೇವೆ.